ಚಿಕ್ಕಮಗಳೂರಿನಲ್ಲಿ ಪಿಯುಸಿ ಮುಗಿಸಿ ಕಡಲ ಜೀವಶಾಸ್ತ್ರಕ್ಕೆ ಹೋಗಲು ಯಾವ ಕೋರ್ಸ್ ಹಿಡಿಯಬೇಕು?

ದ್ವಿತೀಯ ಪಿಯುಸಿ ಪಿಸಿಎಂಬಿ, ಊರು ಚಿಕ್ಕಮಗಳೂರು, ಈಜು ಬರಲ್ಲ, ಆದರೂ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಈಜು ಬರಲೇಬೇಕು ಅಂತ ಯಾವ ಡಿಗ್ರಿಯೂ ಕೇಳಲ್ಲ. ಹವಳದಂಥ, ನೀರಿನಡಿ ಇಳಿದು ಮಾಡುವ ಕೆಲಸಕ್ಕೆ ಮಾತ್ರ ಡೈವಿಂಗ್ ಬೇಕು. ಆದರೂ ದೋಣಿ ಹತ್ತುವ ಕೆಲಸವಾದ್ದರಿಂದ ಈಗಿನಿಂದಲೇ ಕಲಿತಿಡಿ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಕೋರ್ಸ್ ಬಗ್ಗೆ. ಪಿಯುಸಿ ಆದ ಮೇಲೆ ದಾರಿ ಎರಡಾಗುತ್ತೆ. ಒಂದು, ಮಂಗಳೂರಿನ ಮೀನುಗಾರಿಕೆ ಕಾಲೇಜಿನ ನಾಲ್ಕು ವರ್ಷದ ಬಿಎಫ್‌ಎಸ್‌ಸಿ, ಅಂದರೆ ಮೀನುಗಾರಿಕೆ ವಿಜ್ಞಾನದ ಪದವಿ. 1969ರಲ್ಲಿ ಶುರುವಾದ ಕಾಲೇಜು, ಸೀಟು ಸಿಇಟಿ ಮೂಲಕ. ಮನೆಯಲ್ಲಿ ಜಮೀನಿದ್ದರೆ ಕೃಷಿಕರ ಕೋಟಾ ಬಿಡಬೇಡಿ. ಅರ್ಜಿ ತುಂಬುವಾಗಲೇ ಅದನ್ನು ಕೇಳಿಕೊಳ್ಳಬೇಕು, ದಾಖಲೆ ಮೊದಲೇ ಮಾಡಿಸಿಡಬೇಕು, ಪ್ರಾಯೋಗಿಕ ಪರೀಕ್ಷೆಗೂ ಹೋಗಬೇಕು. ಇನ್ನೊಂದು, ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಪ್ರಾಣಿಶಾಸ್ತ್ರ ಇರುವ ಬಿಎಸ್‌ಸಿ ಮಾಡಿ, ಆಮೇಲೆ ಕಡಲ ಜೀವಶಾಸ್ತ್ರದಲ್ಲಿ ಎಂಎಸ್‌ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ, ಕಡಲು ಪಕ್ಕದಲ್ಲೇ. ಕೊಚ್ಚಿಯ ಕುಸಾಟ್ (ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರವನ್ನೂ ನೋಡಿ.

ಬಿಎಸ್‌ಸಿ ಮಾಡಿಕೊಂಡು ಎಂಎಫ್‌ಎಸ್‌ಸಿಗೆ (ಮೀನುಗಾರಿಕೆಯ ಸ್ನಾತಕೋತ್ತರ ಪದವಿ) ಹೋಗ್ತೀನಿ ಅಂದರೆ ಆಗಲ್ಲ, ಅದಕ್ಕೆ ಬಿಎಫ್‌ಎಸ್‌ಸಿಯೇ ಬೇಕು. ಹಾಗಾಗಿ ಮೀನುಗಾರಿಕೆ ಇಲಾಖೆ, ಸಿಗಡಿ ಸಾಕಣೆ, ಮರಿ ಉತ್ಪಾದನೆ ಕಡೆ ಮನಸ್ಸಿದ್ದರೆ ಮಂಗಳೂರು. ಹವಳ, ಪ್ಲವಕ (ನೀರಲ್ಲಿ ತೇಲುವ ಸಣ್ಣ ಜೀವಿಗಳು), ಕಡಲಿನ ಪರಿಸರ ಅಂದರೆ ಎರಡನೆಯದು. ಎರಡನೆಯದರಲ್ಲಿ ಕಾಯುವುದು ಜಾಸ್ತಿ. ಕಾಯಂ ಹುದ್ದೆ ಕಡಿಮೆ, ಎಂಎಸ್‌ಸಿ ಆದವರು ಬಹಳಷ್ಟು ಮಂದಿ ತಾತ್ಕಾಲಿಕ ಪ್ರಾಜೆಕ್ಟ್‌ಗಳಲ್ಲೇ ಶುರುಮಾಡುತ್ತಾರೆ. ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತೆ, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಂಥ ಕಡೆ ಪಿಎಚ್‌ಡಿಗೆ ಸೇರಬಹುದು. ಇಷ್ಟು ಕಾಯಬೇಕಾಗುತ್ತೆ ಅಂತ ಮನೆಯಲ್ಲಿ ಮೊದಲೇ ಹೇಳಿಡಿ.

ದಿನದ ಕೆಲಸದಲ್ಲಿ ಡಾಲ್ಫಿನ್‌ಗಿಂತ ಸೂಕ್ಷ್ಮದರ್ಶಕವೇ ಹೆಚ್ಚು. ಪ್ರಾಣಿಪ್ಲವಕಕ್ಕೆ 200 ಮೈಕ್ರಾನ್ ಕಣ್ಣಿನ ಬಲೆ ಎಳೆಯುತ್ತಾರೆ. ಪಾಚಿ ಹೆಚ್ಚಿದ ಕಾಲದಲ್ಲಿ ಬಲೆ ಬೇಗ ಕಟ್ಟಿಕೊಳ್ಳುತ್ತೆ. ಆಗ ಎಷ್ಟು ನೀರು ಸೋಸಿತು ಅನ್ನುವ ಲೆಕ್ಕವೇ ತಪ್ಪುತ್ತೆ, ಅದಕ್ಕೇ ಬಲೆ ಬಾಯಿಗೆ ಹರಿದ ನೀರು ಅಳೆಯುವ ಫ್ಲೋ ಮೀಟರ್ ಕಟ್ಟುವುದು. ಮಾದರಿ ಕೆಡದಿರಲು 100 ಮಿಲಿಗೆ 5 ಮಿಲಿ ಫಾರ್ಮಲಿನ್ ಹಾಕುತ್ತಾರೆ, ಆದರೆ ಆ ಫಾರ್ಮಲಿನ್‌ಗೆ ಮೊದಲೇ ಬೋರಾಕ್ಸ್ ಬೆರೆಸಿರಬೇಕು. ಇಲ್ಲದಿದ್ದರೆ ಫಾರ್ಮಲಿನ್ ಹುಳಿಯಾಗಿ ಚಿಪ್ಪುಮರಿಗಳ ಸುಣ್ಣದ ಚಿಪ್ಪು ಕರಗುತ್ತೆ, ಕೆಲವು ತಿಂಗಳ ನಂತರ ಬಾಟಲಿ ತೆಗೆದರೆ ಯಾವ ಜಾತಿ ಅಂತ ಗುರುತಿಸಲು ಏನೂ ಉಳಿದಿರಲ್ಲ.

ಈ ಗುರುತಿಸುವ ಕಣ್ಣು ಬೆಳೆಸಿಕೊಳ್ಳಲು ನಿಮ್ಮೂರ ಹಳ್ಳವೇ ಸಾಕು. ಕಲ್ಲು ಎತ್ತಿ, ತಳಕ್ಕೆ ಅಂಟಿರುವ ಹುಳುಗಳನ್ನು ಎಣಿಸಿ, ಚಿತ್ರ ಬರೆದು, ನೀರಿನ ಉಷ್ಣತೆ ಗುರುತುಹಾಕಿ, ಕಲ್ಲನ್ನು ಇದ್ದ ಹಾಗೇ ಇಟ್ಟುಬಿಡಿ. ಸಂಖ್ಯಾಶಾಸ್ತ್ರವನ್ನು ಮಾತ್ರ ಪಕ್ಕಕ್ಕೆ ತಳ್ಳಬೇಡಿ, ಮುಂದೆ ಎಲ್ಲರೂ ಎಡವುವುದು ಅಲ್ಲೇ.

ರಜೆಯಲ್ಲಿ ಚಾರ್ಮಾಡಿ ಇಳಿದು ಮಂಗಳೂರಿನಲ್ಲಿ ಮೀನು ಇಳಿಸುವ ಧಕ್ಕೆಗೆ ಬೆಳಿಗ್ಗೆ ಬೇಗ ಹೋಗಿ, ಬಂಗುಡೆ, ಬೂತಾಯಿ ಬಿಟ್ಟು ಬುಟ್ಟಿಯಲ್ಲಿ ಇನ್ನೇನೇನು ಬಂದಿದೆ ನೋಡಿ. ಜೂನ್, ಜುಲೈ ಬೇಡ. ಆಗ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ದೊಡ್ಡ ದೋಣಿಗಳೆಲ್ಲ ದಡದಲ್ಲೇ ಇರುತ್ತವೆ.