ಯುದ್ಧಕಾಲದಲ್ಲಿ ಸೇನಾ ಸರ್ಜನ್ ಆಗಿದ್ದವರ ಬದುಕು ಹೇಗಿರುತ್ತಿತ್ತು? ಒಬ್ಬರ ಉದಾಹರಣೆ ಕೊಡಬಹುದೇ?

ಈ ಪ್ರಶ್ನೆಗೆ ನಮ್ಮ ಕಡೆ ಹೆಚ್ಚಿನವರು ಚೀನಾಕ್ಕೆ ಹೋಗಿ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ ಸೊಲ್ಲಾಪುರದ ಡಾ. ಕೋಟ್ನಿಸ್ ಹೆಸರು ಹೇಳುತ್ತಾರೆ. ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಮಾಡುವ ನನಗೆ ಮಾತ್ರ ಮೊದಲು ನೆನಪಾಗುವುದು ನೆಪೋಲಿಯನ್ನನ ಸೇನೆಯಲ್ಲಿದ್ದ ಡೊಮಿನಿಕ್ ಲಾರೆ.

1766ರಲ್ಲಿ ಪಿರನೀಸ್ ಬೆಟ್ಟದ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಎಳೆ ವಯಸ್ಸಿಗೇ ಅನಾಥರಾಗಿ, ತುಲೂಸಿನಲ್ಲಿ ಸರ್ಜನ್ ಆಗಿದ್ದ ಚಿಕ್ಕಪ್ಪನ ಕೈಕೆಳಗೆ ಕೆಲಸ ಕಲಿತರು. 1792ರಲ್ಲಿ ರೈನ್ ನದಿಯ ಕಡೆಯ ಸೇನೆಗೆ ಸೇರಿದಾಗ ಅಲ್ಲಿದ್ದ ಪದ್ಧತಿ ವಿಚಿತ್ರ: ವೈದ್ಯರ ಗಾಡಿಗಳು ಕಾಳಗದ ಜಾಗದಿಂದ ನಾಲ್ಕೈದು ಕಿಲೋಮೀಟರ್ ಹಿಂದೆಯೇ ನಿಲ್ಲಬೇಕು, ಹೋರಾಟ ಮುಗಿದ ಮೇಲೆ ಗಾಯಾಳುಗಳನ್ನು ಹುಡುಕಿಕೊಂಡು ಹೋಗಬೇಕು. ಅಷ್ಟರಲ್ಲಿ ಒಂದು ದಿನವೇ ಕಳೆದಿರುತ್ತಿತ್ತು. ಕುದುರೆಗಳು ಫಿರಂಗಿಯನ್ನು ಚಕಚಕನೆ ಎಳೆದೊಯ್ಯುವುದನ್ನು ನೋಡಿದ ಲಾರೆ, ಗಾಯಾಳುಗಳಿಗೂ ಯಾಕೆ ಅಂಥದ್ದೊಂದು ಗಾಡಿ ಬೇಡ ಎಂದು ಯೋಚಿಸಿದರು. ಎರಡು ಚಕ್ರದ, ಸ್ಪ್ರಿಂಗ್ ಹಾಕಿದ, ಇಬ್ಬರು ಮಲಗಬಹುದಾದ ಹಗುರ ಗಾಡಿ ಹಾಗೆ ಹುಟ್ಟಿತು. ಅದಕ್ಕಿಟ್ಟ ಹೆಸರು 'ಹಾರುವ ಆಂಬುಲೆನ್ಸ್'. ಗುಂಡು ಹಾರುತ್ತಿರುವಾಗಲೇ ಅದು ಒಳಗೆ ನುಗ್ಗುತ್ತಿತ್ತು.

ಇನ್ನೊಂದು ನಿಯಮವೂ ಅವರದೇ: ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ, ಹುದ್ದೆ ನೋಡಬಾರದು. ಇವತ್ತು ನಾವು ಟ್ರಯಾಜ್ ಅನ್ನುವುದಕ್ಕೆ ಇದೇ ಬೇರು. (ಬೆರಳಿಗೆ ಪೆಟ್ಟಾದವರ ಕಡೆಯವರು ಎಂಎಲ್ಎಗೆ ಫೋನ್ ಹಚ್ಚುವ ಕಾಲದಲ್ಲೂ ಇದನ್ನು ಪಾಲಿಸುವುದು ಸುಲಭವಲ್ಲ, ನಂಬಿ!)

ಅರಿವಳಿಕೆ ಬರಲು ಇನ್ನೂ ದಶಕಗಳಿದ್ದವು. ಕೈಕಾಲು ಛಿದ್ರವಾಗಿದ್ದರೆ 24 ಗಂಟೆಯೊಳಗೆ ಕತ್ತರಿಸಿಬಿಡಬೇಕು, ತಡಮಾಡಿದರೆ ಕೀವು ತುಂಬಿ ಸಾಯುತ್ತಾರೆ ಎಂಬುದು ಅವರ ಪಟ್ಟು. 1812ರಲ್ಲಿ ರಷ್ಯಾದ ಬೊರೊದಿನೊ ಕಾಳಗದಲ್ಲಿ ಒಂದೇ ದಿನ ಸುಮಾರು 200 ಅಂಗಚ್ಛೇದನ ಮಾಡಿದರು ಅನ್ನುತ್ತಾರೆ. 1807ರ ಐಲಾವ್ ಕಾಳಗದಲ್ಲಿ ಹಿಮದಿಂದ ಮರಗಟ್ಟಿದ ಕಾಲು ಕತ್ತರಿಸುವಾಗ ನೋವು ಕಮ್ಮಿ ಇರುವುದನ್ನೂ ಗಮನಿಸಿದ್ದರು. ಊಟವಿಲ್ಲದ ಕಡೆ ಸತ್ತ ಕುದುರೆಗಳ ಮಾಂಸವನ್ನು ಸವಾರರ ಲೋಹದ ಎದೆಗವಚಗಳಲ್ಲೇ ಬೇಯಿಸಿ, ಉಪ್ಪಿನ ಬದಲು ಸಿಡಿಮದ್ದು ಉದುರಿಸಿ ಗಾಯಾಳುಗಳಿಗೆ ಸೂಪ್ ಕೊಟ್ಟರು.

1815ರಲ್ಲಿ ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್ಲೂ ಕಾಳಗದಲ್ಲಿ ಶತ್ರುಗಳಾದ ಪ್ರಷ್ಯನ್ನರ (ಜರ್ಮನ್ ರಾಜ್ಯವೊಂದರ ಸೇನೆಯವರ) ಕೈಗೆ ಸಿಕ್ಕಿಬಿದ್ದು ಇನ್ನೇನು ಗುಂಡಿಕ್ಕುತ್ತಾರೆ ಅನ್ನುವಾಗ ಅಲ್ಲಿನ ಸರ್ಜನ್ ಒಬ್ಬ ಗುರುತು ಹಿಡಿದ. ಶತ್ರು ಸೇನಾಪತಿ ಬ್ಲೂಖರ್‌ನ ಮಗನಿಗೆ ಹಿಂದೊಮ್ಮೆ ಚಿಕಿತ್ಸೆ ಮಾಡಿದ್ದವರು ಇದೇ ಲಾರೆ! ಜೀವ ಉಳಿಯಿತು. ಮುಂದೆ 1842ರವರೆಗೆ ಬದುಕಿದ್ದರು.

ಆದರೆ ನನಗೆ ಅವರು ದೊಡ್ಡವರಾಗಿ ಕಾಣುವುದು ಇದ್ಯಾವುದಕ್ಕೂ ಅಲ್ಲ. 1813ರಲ್ಲಿ ಜರ್ಮನಿಯ ಬೌಟ್ಸನ್ ಕಾಳಗ ಮುಗಿದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಸೈನಿಕರ ಕೈಬೆರಳುಗಳಲ್ಲಿ ಗುಂಡಿನ ಗಾಯ. ಯುದ್ಧ ತಪ್ಪಿಸಿಕೊಳ್ಳಲು ತಾವೇ ಮಾಡಿಕೊಂಡಿದ್ದಾರೆ ಎಂದು ಮೇಲಧಿಕಾರಿಗಳು ದೂರಿದರು. ನೆಪೋಲಿಯನ್ನನೂ ನಂಬಿದ, ಕೆಲವರನ್ನಾದರೂ ಎಲ್ಲರೆದುರು ಗುಂಡಿಕ್ಕಿ ಕೊಲ್ಲಬೇಕು ಎಂಬ ಆಲೋಚನೆಯಲ್ಲಿದ್ದ. ಲಾರೆ ಒಪ್ಪಲಿಲ್ಲ. ಸರ್ಜನ್‌ಗಳ ತಂಡ ಕಟ್ಟಿಕೊಂಡು ಒಬ್ಬೊಬ್ಬರ ಗಾಯವನ್ನೂ ಬಿಚ್ಚಿ ನೋಡಿದರು. ಎಲ್ಲ ತರಬೇತಿ ಸಾಲದ ಎಳೆ ಹುಡುಗರು. ಮೂರು ಸಾಲಾಗಿ ನಿಂತು ಗುಡ್ಡದ ಕಡೆಗೆ ಗುಂಡು ಹಾರಿಸುವಾಗ ಹಿಂದಿನವನ ಗುಂಡು ಮುಂದಿನವನ ಕೈಗೆ ತಾಗಿತ್ತು. ಬೇಕೆಂದೇ ಮಾಡಿಕೊಂಡದ್ದು ಎನ್ನಲು ಆಧಾರವಿಲ್ಲ ಎಂದು ವರದಿ ಬರೆದು ಚಕ್ರವರ್ತಿಯ ಕೈಗೇ ಕೊಟ್ಟರು. ಆತ ಓದಿ ಸಿಟ್ಟಾಗುವ ಬದಲು ವಜ್ರ ಕೂರಿಸಿದ ತನ್ನ ಚಿತ್ರವನ್ನೂ 6000 ಫ್ರಾಂಕ್ ಹಣವನ್ನೂ ಲಾರೆಗೆ ಕಳಿಸಿದ. ಆ ಹುಡುಗರಲ್ಲಿ ಯಾರಿಗೂ ಮರಣದಂಡನೆ ಆಗಲಿಲ್ಲ.