ಒಳಬರುವ ಕಾಲ್ ಸರಿಯಾಗಿ 32 ಸೆಕೆಂಡಿಗೆ ಕಟ್ ಆಗುತ್ತಿದೆ. ತಪ್ಪು ಸಿಪ್ ಪ್ರಾಕ್ಸಿಯದ್ದಾ, ರೌಟರ್‌ದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾಮೈಲಿಯೋ ಪ್ರಾಕ್ಸಿ, ಅಂದರೆ ಇಂಟರ್‌ನೆಟ್ ಫೋನ್ ಕರೆಗಳ ಸಿಪ್ ಮೆಸೇಜುಗಳನ್ನು ದಾಟಿಸುವ ಸಾಫ್ಟ್‌ವೇರ್, ಒಳಗಿನ ನೆಟ್‌ವರ್ಕಿನಲ್ಲಿ 192.168.1.10 ವಿಳಾಸದಲ್ಲಿದೆ. ಅದರ ಮುಂದೆ ನ್ಯಾಟ್ ಮಾಡುವ, ಅಂದರೆ ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ರೌಟರ್. 5060 ಪೋರ್ಟನ್ನು ಪ್ರಾಕ್ಸಿಗೆ ಫಾರ್ವರ್ಡ್ ಮಾಡಿದ್ದೀರಿ. ಹೊರಗೆ ಹೋಗುವ ಕಾಲ್‌ಗಳಿಗೆ ತೊಂದರೆ ಇಲ್ಲ. ಒಳಗೆ ಬರುವ ಕಾಲ್ ರಿಂಗ್ ಆಗುತ್ತದೆ, ಎತ್ತಿದರೆ ಎರಡೂ ಕಡೆ ಮಾತು ಕೇಳುತ್ತದೆ, ಆದರೆ 32 ಸೆಕೆಂಡಿಗೆ ಕಟ್. ರೌಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಕಾಸು ಉಳಿಸಿಕೊಳ್ಳಿ. ಆ 32 ಅನ್ನೋ ಅಂಕಿಯೇ ಅರ್ಧ ಉತ್ತರ.

ಫೋನ್ ಎತ್ತಿದಾಗ ಅದು ‘ಎತ್ತಿದೆ’ ಎನ್ನುವ 200 ಓಕೆ ಮೆಸೇಜ್ ಕಳಿಸುತ್ತದೆ. ಕರೆ ಮಾಡಿದ ಕಡೆಯಿಂದ ಅದಕ್ಕೆ ‘ಸಿಕ್ಕಿತು’ ಎನ್ನುವ ಆ್ಯಕ್ ಬರಬೇಕು. ಬರದಿದ್ದರೆ ಫೋನ್ ಅರ್ಧ ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ, ಆಮೇಲೆ ಒಂದು ಸೆಕೆಂಡ್, ಎರಡು, ನಾಲ್ಕು, ಅಲ್ಲಿಂದ ಮುಂದೆ ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ. ಅರ್ಧ ಸೆಕೆಂಡಿನ 64 ಪಟ್ಟು ಕಾದ ಮೇಲೆ, ಅಂದರೆ 32 ಸೆಕೆಂಡಿಗೆ, ತಾನೇ ಬೈ ಹೇಳಿ ಕಾಲ್ ಮುಗಿಸುತ್ತದೆ. ಸಿಪ್‌ನ ನಿಯಮಗಳಿರುವ 2002ರ ಆರ್‌ಎಫ್‌ಸಿ 3261ರಲ್ಲೇ ಇರುವ ಲೆಕ್ಕ ಇದು. ಹಾಗಾಗಿ ಕಾಲ್ ಕಟ್ ಮಾಡುತ್ತಿರುವುದು ರೌಟರೂ ಅಲ್ಲ, ಪ್ರಾಕ್ಸಿಯೂ ಅಲ್ಲ. ನಿಮ್ಮದೇ ಫೋನ್.

ಮಾತು ಚೆನ್ನಾಗಿ ಕೇಳುತ್ತಿದೆಯಲ್ಲ, ಅದೇ ಎಲ್ಲರ ದಾರಿ ತಪ್ಪಿಸುವುದು. ಧ್ವನಿಯ ಪ್ಯಾಕೆಟ್‌ಗಳು ಬೇರೆ ಪೋರ್ಟುಗಳಲ್ಲಿ ಓಡಾಡುತ್ತವೆ. ಬಹಳಷ್ಟು ಪ್ರೊವೈಡರ್‌ಗಳು (ಹೊರಗಿನ ಲೈನ್ ಕೊಡುವ ಕಂಪನಿಗಳು) ನಿಮ್ಮ ಧ್ವನಿ ಯಾವ ವಿಳಾಸದಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತವೆ. ಅದು ಸರಿ ಇದ್ದ ಮಾತ್ರಕ್ಕೆ ಸಿಗ್ನಲಿಂಗ್, ಅಂದರೆ ಕಾಲ್ ಶುರು ಮಾಡುವ, ಮುಗಿಸುವ ಮೆಸೇಜುಗಳ ಓಡಾಟ, ಸರಿ ಇದೆ ಅಂತಲ್ಲ.

ಈಗ ಪ್ರಾಕ್ಸಿ ಮೇಲೆ ಎಸ್ಎನ್‌ಗ್ರೆಪ್ (ಸಿಪ್ ಮೆಸೇಜುಗಳನ್ನು ಸಾಲಾಗಿ ತೋರಿಸುವ ಪ್ರೋಗ್ರಾಂ) ಹಾಕಿ ಒಂದು ಕಾಲ್ ನೋಡಿ. 200 ಓಕೆ ಒಂದರ ಕೆಳಗೊಂದು 11 ಸಲ ಕಂಡರೆ ನನ್ನ ಊಹೆ ಸರಿ. ಆಮೇಲೆ ಅದನ್ನು ತೆರೆದು ರೆಕಾರ್ಡ್-ರೂಟ್ ಸಾಲು ಓದಿ. ಅಲ್ಲಿ 192.168.1.10 ಅಂತ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ‘ಇನ್ನು ಮುಂದಿನ ಮೆಸೇಜುಗಳನ್ನು ನನ್ನ ಮೂಲಕವೇ ಕಳಿಸಿ, ನನ್ನ ವಿಳಾಸ ಇದು’ ಎಂದು ಪ್ರಾಕ್ಸಿ ಹೊರಗಿನವರಿಗೆ ಹೇಳುವ ಸಾಲು ಅದು. ಹೊರಗಿನವರು ಆ ವಿಳಾಸಕ್ಕೇ ಆ್ಯಕ್ ಕಳಿಸುತ್ತಾರೆ. ಒಳಗಿನ ವಿಳಾಸ ಇಂಟರ್‌ನೆಟ್ಟಿನಲ್ಲಿ ಎಲ್ಲಿಗೂ ತಲುಪುವುದಿಲ್ಲ, ಅಲ್ವಾ? ಆ್ಯಕ್ ನಿಮ್ಮ ರೌಟರ್ ತನಕವೂ ಬರುವುದಿಲ್ಲ. ರೌಟರ್ ಲಾಗ್ ಎಷ್ಟು ಕೆದಕಿದರೂ ಏನೂ ಸಿಗದೇ ಇರುವುದು ಇದಕ್ಕೇ. ಒಂದು ಕಾಲದಲ್ಲಿ ನಾನೂ ಎರಡು ರಾತ್ರಿ ಕೆದಕಿದ್ದೇನೆ.

ಹೊರಗೆ ಹೋಗುವ ಕಾಲ್ ಸರಿ ಇದೆ ಅಂದಿರಲ್ಲ, ಅದನ್ನೂ ಅಷ್ಟು ಬೇಗ ನಂಬಬೇಡಿ. ಅಲ್ಲಿ ಆ್ಯಕ್ ಕಳಿಸುವವರು ನೀವು, ಅವರ ವಿಳಾಸ ಪಬ್ಲಿಕ್, ಹಾಗಾಗಿ ತಲುಪುತ್ತದೆ. ಒಂದು ಪರೀಕ್ಷೆ ಮಾಡಿ: ನೀವು ಕಾಲ್ ಮಾಡಿ, ಮೊದಲು ಆ ಕಡೆಯವರೇ ಇಡಲಿ. ಅವರ ಬೈ ನಿಮಗೆ ಬರದೆ ನಿಮ್ಮ ಫೋನಿನಲ್ಲಿ ಕಾಲ್ ಹಾಗೇ ನಿಂತಿದ್ದರೆ, ಅದೂ ಇದೇ ರೋಗ.

ಇನ್ನು ಸರಿ ಮಾಡುವುದು. ಕಾಮೈಲಿಯೋದ ಸೆಟ್ಟಿಂಗ್ ಫೈಲಿನಲ್ಲಿ, ಯಾವ ವಿಳಾಸದಲ್ಲಿ ಕೇಳಬೇಕು ಎಂದು ಹೇಳುವ ಲಿಸನ್ ಸಾಲಿನಲ್ಲಿ ಅಡ್ವರ್ಟೈಸ್ ಅಂತ ಸೇರಿಸಿ ಹೊರಗಿನ ವಿಳಾಸ ಕೊಡಬಹುದು. ಉದಾಹರಣೆಗೆ 203.0.113.10 ಅಂತಿಟ್ಟುಕೊಳ್ಳಿ. ಆದರೆ ಇರುವ ಒಂದೇ ಸಾಕೆಟ್ಟಿಗೆ (ಪ್ರಾಕ್ಸಿ ಕೇಳುವ ವಿಳಾಸ-ಪೋರ್ಟ್ ಜೋಡಿಗೆ) ಇದನ್ನು ಹಾಕಿದರೆ ಒಳಗಿನ ಫೋನ್‌ಗಳಿಗೂ ಹೊರಗಿನ ವಿಳಾಸವೇ ಹೋಗುತ್ತದೆ. ಆಗ ಅವು ಪಕ್ಕದಲ್ಲೇ ಇರುವ ಪ್ರಾಕ್ಸಿಗೆ ರೌಟರ್ ಸುತ್ತಿ ಬರಬೇಕು. ರೌಟರ್ ಅದನ್ನು ಒಪ್ಪದಿದ್ದರೆ ಇದ್ದದ್ದೂ ಕೆಟ್ಟಿತು. ಅದಕ್ಕೆ ಎರಡು ಸಾಕೆಟ್ ಮಾಡಿ. ಫೋನ್‌ಗಳಿಗೆ 5060, ಅಡ್ವರ್ಟೈಸ್ ಇಲ್ಲದೆ. ಪ್ರೊವೈಡರ್‌ಗೆ 5080, ಅಡ್ವರ್ಟೈಸ್ ಜೊತೆಗೆ. ರೌಟರ್‌ನಲ್ಲಿ 5080 ಫಾರ್ವರ್ಡ್ ಮಾಡಿ, ಪ್ರೊವೈಡರ್ ಕಡೆಯೂ ಪೋರ್ಟ್ ಬದಲಿಸಲು ಹೇಳಿ. ಎರಡಕ್ಕೂ ಐಪಿ ಒಂದೇ ಆದ್ದರಿಂದ ಯಾವ ಕಾಲ್ ಯಾವ ಸಾಕೆಟ್‌ನಿಂದ ಹೋಗಬೇಕು ಎಂದು ಪ್ರಾಕ್ಸಿ ತಾನಾಗಿ ಊಹಿಸಲಾರದು. ಸ್ಕ್ರಿಪ್ಟಿನಲ್ಲಿ ನೀವೇ ಹೇಳಬೇಕು. ಸರಿಯಾಗಿದ್ದರೆ 200 ಓಕೆಯಲ್ಲಿ ಎರಡು ರೆಕಾರ್ಡ್-ರೂಟ್ ಕಾಣುತ್ತವೆ, ಒಳಗಿನದೊಂದು, ಹೊರಗಿನದೊಂದು. ಗಾಬರಿ ಬೇಡ, ಅದು ಹಾಗೇ ಇರಬೇಕು.

ಒಂದು ಹೊಂಡ ಇದೆ, ನಾನು ಬಿದ್ದದ್ದು. ಹೊರಗಿನ ವಿಳಾಸ ತನ್ನದೇ ಅಂತ ಪ್ರಾಕ್ಸಿಗೆ ಗೊತ್ತಿರಬೇಕು. ನಾನು ಎಲ್ಲದಕ್ಕೂ ಒಂದೇ ವಿಳಾಸ ಹೇಳುವ ಹಳೆಯ ಸೆಟ್ಟಿಂಗ್ ಬಳಸಿ, ಅಲಿಯಾಸ್ (‘ಈ ವಿಳಾಸವೂ ನನ್ನದೇ’ ಎನ್ನುವ ಸಾಲು) ಸೇರಿಸುವುದನ್ನು ಮರೆತಿದ್ದೆ. ರೂಟ್ ಸಾಲಿನಲ್ಲಿ ಆ ವಿಳಾಸ ನೋಡಿದ ಪ್ರಾಕ್ಸಿ ಇದು ಯಾರದೋ ಅಂದುಕೊಂಡು ಬೈ ಮೆಸೇಜನ್ನು ರೌಟರ್‌ಗೆ ಕಳಿಸಿತು. ರೌಟರ್ ಅದನ್ನು ಪ್ರಾಕ್ಸಿಗೇ ತಿರುಗಿಸಿತು. ಮೆಸೇಜನ್ನು ಇನ್ನೆಷ್ಟು ಸಲ ದಾಟಿಸಬಹುದು ಎಂದು ಎಣಿಸುವ, 70ಕ್ಕೆ ಶುರುವಾಗುವ ಮ್ಯಾಕ್ಸ್-ಫಾರ್ವರ್ಡ್ಸ್ ಸೊನ್ನೆ ಆಗುವ ತನಕ ಇಬ್ಬರೂ ಚೆಂಡಾಟ ಆಡಿ, ಕೊನೆಗೆ ‘ತೀರಾ ಹೆಚ್ಚು ಸಲ ದಾಟಿತು’ ಎನ್ನುವ 483 ಬಂತು. ಲಾಗಿನಲ್ಲಿ ಆ ನಂಬರ್ ಕಂಡರೆ ಮೊದಲು ಅಲಿಯಾಸ್ ನೋಡಿ.

ರೌಟರ್‌ನ ಸಿಪ್ ಎಎಲ್‌ಜಿ (ಸಿಪ್ ಮೆಸೇಜಿನೊಳಗಿನ ವಿಳಾಸಗಳನ್ನು ರೌಟರ್ ತಾನೇ ತಿದ್ದುವ ಸೌಲಭ್ಯ) ಆಫ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಸುಮ್ನೆ ಆಫ್ ಮಾಡಿ ಕೈ ತೊಳೆದುಕೊಳ್ಳಬೇಡಿ. ಮೊದಲು ರೌಟರ್‌ನ ಒಳಗೊಮ್ಮೆ, ಹೊರಗೊಮ್ಮೆ ಪ್ಯಾಕೆಟ್ ಹಿಡಿದು ಒಂದೇ 200 ಓಕೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ಫೋನಿನ ವಿಳಾಸ ಹೇಳುವ ಕಾಂಟ್ಯಾಕ್ಟ್ ಸಾಲು ಬದಲಾಗಿ ರೆಕಾರ್ಡ್-ರೂಟ್ ಹಾಗೇ ಉಳಿದಿದ್ದರೆ, ಎಎಲ್‌ಜಿ ಅರ್ಧ ಕೆಲಸ ಮಾಡುತ್ತಿದೆ ಅಂತ ಅರ್ಥ. ಅರ್ಧ ಮಾಡುವ ಎಎಲ್‌ಜಿಗಿಂತ ಇಲ್ಲದ ಎಎಲ್‌ಜಿ ವಾಸಿ.

ಇಷ್ಟು ಮಾಡಿಯೂ ಕಟ್ ಆದರೆ ಪ್ರೊವೈಡರ್‌ಗೆ ಹೋದ 200 ಓಕೆಯ ಹೆಡರ್‌ಗಳನ್ನು ಇಲ್ಲಿ ಹಾಕಿ. ಫೋನ್ ನಂಬರ್ ಅಳಿಸಿ, ವಿಳಾಸದ ಕೊನೆಯ ಅಂಕಿ ಮಾತ್ರ ಉಳಿಸಿ, ಯಾವುದು ಯಾವುದು ಅಂತ ನನಗೆ ಗೊತ್ತಾದರೆ ಸಾಕು.