ಓದುಗರ ಪ್ರಶ್ನೆ: ಬ್ರೆಜಿಲ್‌ನಲ್ಲಿ ಫಲಿಸಿದ್ದು ಘಾನಾದಲ್ಲಿ ಏಕೆ ಫಲಿಸಲಿಲ್ಲ?

ಸಾಮಾಜಿಕ ಭದ್ರತೆಯ ಬಗ್ಗೆ ಬರೆದಾಗಲೆಲ್ಲ ಅವೇ ಪ್ರಶ್ನೆಗಳು ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತವೆ. ಈ ಬಾರಿ ಅವುಗಳಲ್ಲಿ ಕೆಲವನ್ನು ಒಂದೇ ಕಡೆ ಮುಗಿಸಿಬಿಡುವುದು ಎಂದುಕೊಂಡಿದ್ದೇನೆ. ನೇರ ನಗದು ವರ್ಗಾವಣೆ ಎಂದರೇನು, ವೃದ್ಧಾಪ್ಯ ವೇತನ ಯಾರಿಗೆ ಸಿಗುತ್ತದೆ ಎಂಬ ಪ್ರಾಥಮಿಕ ವಿವರಗಳು ಇಲ್ಲಿ ಸಿಗುವುದಿಲ್ಲ. ಅವು ನಾಡಕಚೇರಿಯ ಗೋಡೆಯ ಮೇಲೂ ಇರುತ್ತವೆ.

ಪ್ರಶ್ನೆ: ಬಡವರ ಕೈಗೆ ಹಣ ಕೊಟ್ಟರೆ ಕುಡಿತಕ್ಕೆ ಹೋಗುವುದಿಲ್ಲವೇ? ಜನ ಸೋಮಾರಿಗಳಾಗುವುದಿಲ್ಲವೇ?

ಇಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ ವರದಿಯಲ್ಲಿ ಮದ್ಯ ಮತ್ತು ತಂಬಾಕಿನ ಖರ್ಚು ಏರಿದ್ದಕ್ಕೆ ಆಧಾರ ಸಿಗಲಿಲ್ಲ. ಆರು ಅಭಿವೃದ್ಧಿಶೀಲ ದೇಶಗಳ ಏಳು ಪ್ರಯೋಗಗಳ ದತ್ತಾಂಶವನ್ನು ಮತ್ತೆ ಲೆಕ್ಕಹಾಕಿದವರಿಗೆ ದುಡಿಮೆ ತಗ್ಗಿದ ಕುರುಹೂ ಕಾಣಲಿಲ್ಲ. ಈ ಪ್ರಶ್ನೆಗೆ ಇನ್ನು ಮುಂದೆ ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ಬಡ ಕುಟುಂಬಗಳಿಗೆ ನಗದು ಕೊಡುವ ಬ್ರೆಜಿಲ್‌ನ ಬೋಲ್ಸಾ ಫಮೀಲಿಯಾ ಯೋಜನೆ ಅಷ್ಟು ಯಶಸ್ವಿಯಾಗಿರುವಾಗ ಉಳಿದ ಬಡ ದೇಶಗಳು ಅದನ್ನೇ ಅನುಸರಿಸಬಾರದೇಕೆ? ದೇಶದೇಶಗಳ ನಡುವೆ ಇಷ್ಟೊಂದು ಸಂಶೋಧನಾ ಜಾಲಗಳು, ಕಾರ್ಯಾಗಾರಗಳು ಏಕೆ ಬೇಕು? (ಧಾರವಾಡದ ಅರ್ಥಶಾಸ್ತ್ರದ ವಿದ್ಯಾರ್ಥಿನಿ)

ಅನುಸರಿಸಿ ನೋಡಿದ ದೇಶವೊಂದಿದೆ, ಆದ್ದರಿಂದ ಊಹೆಯ ಅಗತ್ಯವಿಲ್ಲ. ಘಾನಾ 2008ರಲ್ಲಿ ‘ಲೀಪ್’ ಎಂಬ ನಗದು ಯೋಜನೆಯನ್ನು ಆರಂಭಿಸಿದಾಗ ಬ್ರೆಜಿಲ್ ಸರ್ಕಾರದ ತಜ್ಞರು ಅದರ ರೂಪುರೇಷೆಗೆ ನೆರವಾಗಿದ್ದರು. ಮಕ್ಕಳನ್ನು ಶಾಲೆಗೆ ಕಳುಹಿಸಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬ ಬ್ರೆಜಿಲ್ ಮಾದರಿಯ ಷರತ್ತುಗಳೂ ಕಾಗದದ ಮೇಲೆ ಬಂದವು. ಬಾರದೇ ಉಳಿದದ್ದು ಆ ಷರತ್ತುಗಳ ಹಿಂದಿನ ಆಡಳಿತ. ಬ್ರೆಜಿಲ್‌ನಲ್ಲಿ 2001ರಿಂದಲೇ ಬಡ ಕುಟುಂಬಗಳ ಏಕೀಕೃತ ನೋಂದಣಿ ನಡೆಯುತ್ತಿತ್ತು, ಹಣ ಪಾವತಿಸಲು ದೇಶದ ಉದ್ದಗಲಕ್ಕೂ ಕವಲೊಡೆದ ಸರ್ಕಾರಿ ಬ್ಯಾಂಕ್ ಇತ್ತು, ಹಾಜರಾತಿಯನ್ನು ಕೇಂದ್ರಕ್ಕೆ ವರದಿ ಮಾಡುವ ಶಾಲೆಗಳಿದ್ದವು. 2003ರಲ್ಲಿ ಬೋಲ್ಸಾ ಫಮೀಲಿಯಾ ಹೆಸರಿನಲ್ಲಿ ಆದದ್ದು ಆಗಲೇ ಜಾರಿಯಲ್ಲಿದ್ದ ನಾಲ್ಕು ಯೋಜನೆಗಳ ವಿಲೀನವೇ ಹೊರತು ಹೊಸ ಸೃಷ್ಟಿಯಲ್ಲ. ಘಾನಾದಲ್ಲಿ ಷರತ್ತು ಪಾಲನೆಯಾಯಿತೇ ಎಂದು ನೋಡುವವರೇ ಇರಲಿಲ್ಲ.

ಆದರೆ ಘಾನಾದ ಮೊದಲ ಹಂತದ ಸೋಲಿಗೆ ಷರತ್ತುಗಳು ಕಾರಣವಲ್ಲ, ಮತ್ತು ಈ ಸಂಗತಿ ಗೊತ್ತಾದದ್ದೇ ನೀವು ಅನುಮಾನದಿಂದ ನೋಡುವ ಸಂಶೋಧನಾ ಜಾಲದಿಂದ. ಯುನಿಸೆಫ್, ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಮುಂತಾದವು 2008ರಲ್ಲಿ ‘ಟ್ರಾನ್ಸ್‌ಫರ್ ಪ್ರಾಜೆಕ್ಟ್’ ಎಂಬ ಸಹಯೋಗವನ್ನು ಕಟ್ಟಿದವು. ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಸೇರಿಕೊಂಡಿತು. ಘಾನಾ, ಕೀನ್ಯಾ, ಮಲಾವಿ, ಜಾಂಬಿಯಾ, ಲೆಸೊಥೊ, ಜಿಂಬಾಬ್ವೆ ಮುಂತಾದ ದೇಶಗಳ ಸರ್ಕಾರಿ ನಗದು ಯೋಜನೆಗಳನ್ನು ಪರಸ್ಪರ ಹೋಲಿಸಬಹುದಾದ ಪ್ರಶ್ನಾವಳಿಗಳ ಮೂಲಕ ಅಳೆಯುವುದು, ಆಯಾ ಸಚಿವಾಲಯದ ಅಧಿಕಾರಿಗಳನ್ನೇ ಅಧ್ಯಯನದ ಒಳಗೆ ಕೂರಿಸುವುದು, ಫಲಿತಾಂಶವನ್ನು ನೆರೆದೇಶಗಳ ಅಧಿಕಾರಿಗಳ ಎದುರಿಗೇ ಇಡುವುದು ಅದರ ಕೆಲಸ. ಒಂದೇ ದೇಶದ ಅಧ್ಯಯನ ಹೆಚ್ಚೆಂದರೆ ಯೋಜನೆ ಫಲಿಸಿತೋ ಇಲ್ಲವೋ ಎಂಬುದನ್ನು ಹೇಳೀತು. ಏಕೆ ಫಲಿಸಲಿಲ್ಲ ಎಂದು ತಿಳಿಯಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ದೇಶ ಬೇಕು.

ಘಾನಾದ ಪಕ್ಕದಲ್ಲಿ ಜಾಂಬಿಯಾವನ್ನು ಇಟ್ಟು ನೋಡಿ. ಜಾಂಬಿಯಾ 2010ರಲ್ಲಿ ಕಪೂಟಾ, ಕಲಾಬೊ, ಶಾಂಗೊಂಬೊ ಎಂಬ ಮೂರು ದೂರದ ಜಿಲ್ಲೆಗಳಲ್ಲಿ ಎಳೆಯ ಮಕ್ಕಳಿರುವ ಮನೆಗಳಿಗೆ ಯಾವ ಷರತ್ತೂ ಇಲ್ಲದೆ ಹಣ ಕೊಡತೊಡಗಿತು. ತಿಂಗಳಿಗೆ ಸುಮಾರು 12 ಡಾಲರ್‌ನಷ್ಟಿದ್ದ ಈ ಮೊತ್ತವನ್ನು ಎರಡು ತಿಂಗಳಿಗೊಮ್ಮೆ ಕೊಡಲಾಗುತ್ತಿತ್ತು. ಮನೆಮಂದಿಗೆಲ್ಲ ದಿನಕ್ಕೊಂದು ಊಟಕ್ಕೆ ಸಾಕಾಗಬೇಕು ಎಂಬುದು ಸಚಿವಾಲಯದ ಲೆಕ್ಕ. ಆ ಕುಟುಂಬಗಳ ಹಿಂದಿನ ಬಳಕೆಯ ವೆಚ್ಚದ ಕಾಲು ಭಾಗಕ್ಕೂ ಹೆಚ್ಚಿದ್ದ ಈ ಹಣ ಬಹುಮಟ್ಟಿಗೆ ಹೇಳಿದ ಸಮಯಕ್ಕೆ ಕೈಸೇರಿತು. ಊಟದ ಪ್ರಮಾಣ ಹೆಚ್ಚಿತು, ಕೋಳಿ ಮತ್ತು ಆಡುಗಳು ಬಂದವು, ಉಳುವ ಭೂಮಿ ವಿಸ್ತರಿಸಿತು. ಇನ್ನೊಬ್ಬರ ಹೊಲದಲ್ಲಿ ದಿನಗೂಲಿ ಮಾಡುತ್ತಿದ್ದವರು ಅದನ್ನು ತಗ್ಗಿಸಿ ತಮ್ಮ ಹೊಲಕ್ಕೆ ಮರಳಿದರು. ಈ ಕೊನೆಯ ಅಂಶವನ್ನು ಮಾತ್ರ ಹಿಡಿದುಕೊಂಡು ‘ಕೂಲಿಗೆ ಜನ ಸಿಗುತ್ತಿಲ್ಲ’ ಎಂದು ದೂರುವವರು ಜಾಂಬಿಯಾದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ.

ಘಾನಾದಲ್ಲಿ ಅದೇ ಕಾಲಕ್ಕೆ ಕೊಡುತ್ತಿದ್ದ ಮೊತ್ತ ಕುಟುಂಬದ ಬಳಕೆಯ ಸುಮಾರು ಶೇ 7ರಷ್ಟು ಮಾತ್ರ. ಅದೂ ಕ್ರಮವಾಗಿ ಬರಲಿಲ್ಲ. 2011ರಲ್ಲಿ ದೀರ್ಘಕಾಲ ಪಾವತಿಯೇ ನಡೆಯದೆ, ಬಾಕಿ ತೀರಿಸಲು 2012ರ ಫೆಬ್ರುವರಿಯಲ್ಲಿ ಮೂರು ಕಂತುಗಳನ್ನು ಒಟ್ಟಿಗೆ ಕೊಡಲಾಯಿತು. ಸಮೀಕ್ಷೆ ಮಾಡಿದವರಿಗೆ ಆ ಮನೆಗಳ ಬಳಕೆಯಲ್ಲಿ ಏರಿಕೆ ಕಾಣಲಿಲ್ಲ. ಹಾಗೆಂದು ಹಣ ಮಾಯವಾಗಿರಲಿಲ್ಲ: ಜನ ಹಳೆಯ ಸಾಲ ತೀರಿಸಿದ್ದರು, ಸ್ವಲ್ಪ ಉಳಿಸಿದ್ದರು, ಬಡತನದಿಂದಾಗಿ ಬಂಧುಬಳಗದ ಶುಭಾಶುಭಗಳಿಂದ ದೂರ ಉಳಿದಿದ್ದವರು ಸಾವಿನ ಮನೆಗೆ ಮುಯ್ಯಿ ಹಿಡಿದು ಮತ್ತೆ ಹೋಗಿಬರತೊಡಗಿದ್ದರು. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಹಣವನ್ನು ನೆಚ್ಚಿ ಯಾವ ಗೃಹಿಣಿಯೂ ದಿನದ ಅಡುಗೆಯ ಲೆಕ್ಕ ಹಾಕುವುದಿಲ್ಲ; ಒಮ್ಮೆಲೇ ಬಂದರೆ ಸಾಲಗಾರರ ಬಾಯಿ ಮುಚ್ಚಿಸುತ್ತಾಳೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಅರ್ಥಶಾಸ್ತ್ರಜ್ಞರಿಗೆ ಮಾತ್ರ ಕಂಡಿತು.

ಹೀಗೆ ಹಲವು ದೇಶಗಳನ್ನು ಸಾಲಾಗಿ ಇಟ್ಟು ನೋಡಿದ ಮೇಲೆ, ಕುಟುಂಬದ ಬಳಕೆಯ ಶೇ 20ರ ಆಸುಪಾಸಿಗೆ ಮುಟ್ಟದ ಮೊತ್ತದಿಂದ ಮತ್ತು ಕ್ರಮ ತಪ್ಪಿದ ಪಾವತಿಯಿಂದ ದೊಡ್ಡ ಬದಲಾವಣೆ ನಿರೀಕ್ಷಿಸಬಾರದು ಎಂಬ ತಿಳಿವಳಿಕೆ ಸ್ಪಷ್ಟವಾಯಿತು. ಘಾನಾ 2012ರಲ್ಲಿ ಮೊತ್ತವನ್ನು ಏರಿಸಿತು. ಜಾಂಬಿಯಾ 2014ರ ಬಜೆಟ್‌ನಲ್ಲಿ ನಗದು ಯೋಜನೆಯ ಸ್ವಂತ ಅನುದಾನವನ್ನು ಸುಮಾರು ಎಂಟು ಪಟ್ಟು ಹೆಚ್ಚಿಸಿತು. ನೀತಿ ಸಹಕಾರ ಎಂದರೆ ನನ್ನ ಮಟ್ಟಿಗೆ ಇಷ್ಟೇ. ಜಂಟಿ ಘೋಷಣೆಗಳ ಫೋಟೊಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಒಂದು ಘೋಷಣೆಗೆ ವಿನಾಯಿತಿ ಕೊಡುತ್ತೇನೆ: 2006ರ ಮಾರ್ಚ್‌ನಲ್ಲಿ ಜಾಂಬಿಯಾದ ಲಿವಿಂಗ್‌ಸ್ಟನ್‌ನಲ್ಲಿ ಸೇರಿದ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ 13 ದೇಶಗಳ ಪ್ರತಿನಿಧಿಗಳು, ಪ್ರತಿ ಸರ್ಕಾರವೂ ಎರಡು ಮೂರು ವರ್ಷಗಳೊಳಗೆ ವೆಚ್ಚದ ಅಂದಾಜು ಸಹಿತ ನಗದು ವರ್ಗಾವಣೆಯ ರಾಷ್ಟ್ರೀಯ ಯೋಜನೆಯನ್ನು ಸಿದ್ಧಪಡಿಸಬೇಕೆಂದು ಕರೆಕೊಟ್ಟರು. ‘ವೆಚ್ಚದ ಅಂದಾಜು ಸಹಿತ’ ಎಂಬ ಮಾತಿಗೆ ಅದರಲ್ಲಿ ಬೆಲೆಯಿದೆ.

ಇನ್ನೊಂದು ಎಚ್ಚರಿಕೆ. ಪ್ರಾಯೋಗಿಕ ಹಂತದ ಫಲಿತಾಂಶವನ್ನು ಹಿಡಿದುಕೊಂಡು ಕುಣಿಯುವವರನ್ನು ನಾನು ನಂಬುವುದಿಲ್ಲ. ಜಾಂಬಿಯಾದ ಕಲೊಮೊ ಜಿಲ್ಲೆಯಲ್ಲಿ ಜರ್ಮನಿಯ ನೆರವಿನಿಂದ 2003ರಲ್ಲಿ ಮೊದಲುಗೊಂಡ ಪ್ರಯೋಗವನ್ನೇ ನೋಡಿ. ಅಲ್ಲಿ ಊರಿನವರದ್ದೇ ಸಮಿತಿಗಳು ಮನೆಮನೆಯ ಸ್ಥಿತಿ ನೋಡಿ, ದುಡಿಯುವವರೇ ಇಲ್ಲದ ಅತಿ ಬಡ ಕುಟುಂಬಗಳನ್ನು ಕ್ರಮವಾಗಿ ಪಟ್ಟಿಮಾಡುತ್ತಿದ್ದವು. ಮೊಮ್ಮಕ್ಕಳನ್ನು ಸಾಕುತ್ತಿದ್ದ ಅಜ್ಜಿಯರೇ ಅವರಲ್ಲಿ ಹಲವರು. ತಿಂಗಳಿಗೆ ಕೊಡುತ್ತಿದ್ದ 30,000 ಕ್ವಾಚಾ ಅಂದಿನ ಬೆಲೆಯಲ್ಲಿ ಒಂದು ಚೀಲ ಮೆಕ್ಕೆಜೋಳಕ್ಕೆ ಸಾಲುತ್ತಿತ್ತು. ತೊಂದರೆ ಇದ್ದದ್ದು ಶೇ 10ರ ಮಿತಿಯಲ್ಲಿ: ಊರಿನ ಮನೆಗಳಲ್ಲಿ ಹತ್ತರಲ್ಲೊಂದಕ್ಕೆ ಮಾತ್ರ ಹಣ, ಗೆರೆಯ ಕೆಳಗಿನ ಮನೆಗೆ ಏನೂ ಇಲ್ಲ. ಊರೆಲ್ಲ ಬಡವರಿರುವಲ್ಲಿ ಗೆರೆಯ ಮೇಲಿನ ಮನೆಗೂ ಕೆಳಗಿನ ಮನೆಗೂ ವ್ಯತ್ಯಾಸವೇ ಇರುವುದಿಲ್ಲ. ಮಲಾವಿಯ ಮ್ಚಿಂಜಿ ಜಿಲ್ಲೆ 2006ರಲ್ಲಿ ಅದೇ ಶೇ 10ರ ನಿಯಮವನ್ನು ಹೊತ್ತು ತಂದಿತು. ಒಳ್ಳೆಯದರ ಜೊತೆ ಕೆಟ್ಟದ್ದೂ ಗಡಿ ದಾಟುತ್ತದೆ ಎಂಬುದನ್ನು ಸಹಕಾರದ ಭಕ್ತರು ಹೇಳುವುದಿಲ್ಲ. ಅಧ್ಯಯನಗಳಿಂದ ಹೆಸರು ಮಾಡಿದ ಜಾಂಬಿಯಾದಲ್ಲೇ 2018ರಲ್ಲಿ ಹಣ ದುರುಪಯೋಗದ ಆರೋಪದ ಮೇಲೆ ಬ್ರಿಟನ್ ಮತ್ತಿತರ ದಾನಿ ದೇಶಗಳು ನೆರವನ್ನು ತಡೆಹಿಡಿದವು.

ನಮ್ಮ ಕಡೆಗೂ ಒಂದು ಮಾತು. 60ರಿಂದ 79 ವರ್ಷದ ಬಡ ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ರಾಜ್ಯಗಳು ತಮ್ಮ ಪಾಲು ಸೇರಿಸಿ ಮಾನ ಕಾಪಾಡುತ್ತವೆ. ಘಾನಾದ ಶೇ 7ನ್ನು ಓದಿ ನಗುವ ಮೊದಲು ಈ ಅಂಕಿಯನ್ನು ಇಂದಿನ ಅಕ್ಕಿಬೇಳೆಯ ದರದ ಎದುರಿಟ್ಟು ನೋಡಿ.

ಪ್ರಶ್ನೆ: ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ನಿಜವಾದ ಬಡವರನ್ನು ತಪ್ಪಿಲ್ಲದೆ ಗುರುತಿಸಬಹುದಲ್ಲವೇ?

ಮನೆಯ ಮಾಡು, ಫ್ಯಾನು, ಬೈಕುಗಳನ್ನು ಎಣಿಸಿ ಅಂಕ ಹಾಕುವ ಸೂತ್ರಗಳು ಪಾಕಿಸ್ತಾನದಿಂದ ಇಂಡೊನೇಷ್ಯಾದವರೆಗೆ ಬಳಕೆಯಲ್ಲಿವೆ, ಮತ್ತು ಅವುಗಳ ತಪ್ಪು ಸೂತ್ರದ ಒಳಗೇ ಇದೆ. ಏಕೆಂದರೆ ಆಸ್ತಿಯಿಂದ ಆದಾಯವನ್ನು ಊಹಿಸಬಹುದೇ ಹೊರತು ಕಾಣಲಾಗುವುದಿಲ್ಲ. ‘ನೂರಕ್ಕೆ ನೂರು’ ಎಂದು ಸರ್ಕಾರಗಳಿಗೆ ಡ್ಯಾಶ್‌ಬೋರ್ಡ್ ಮಾರುವ ಸಲಹೆಗಾರರಿಗೂ, ಮೂಲವ್ಯಾಧಿಗೆ ಒಂದೇ ದಿನದಲ್ಲಿ ಪರಿಹಾರ ಎಂದು ಗೋಡೆಬರಹ ಬರೆಸುವವರಿಗೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ: ಸಾರ್ಕ್ ದೇಶಗಳು ಒಟ್ಟಾಗಿ ಇಂಥದ್ದನ್ನು ಏಕೆ ಮಾಡಬಾರದು?

2004ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸಾಮಾಜಿಕ ಸನ್ನದಿಗೆ ಸಹಿ ಹಾಕಿದ ಸಾರ್ಕ್ 2014ರ ಕಠ್ಮಂಡು ಶೃಂಗಸಭೆಯ ನಂತರ ಇನ್ನೊಂದು ಶೃಂಗಸಭೆಯನ್ನೂ ನಡೆಸಿಲ್ಲ, ಮುಂದಿನ ಪ್ರಶ್ನೆ.

ಪ್ರಶ್ನೆ: ದುಬೈನಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ. ಗಲ್ಫ್ ದೇಶಗಳ ಒಪ್ಪಂದದ ಪ್ರಕಾರ ಊರಿಗೆ ಮರಳಿದ ಮೇಲೆ ಪಿಂಚಣಿ ಬರುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ನಿಜವೇ? (ಮಂಗಳೂರಿನ ಓದುಗರು)

ಸುಳ್ಳು, ಮತ್ತು ಆತ ಶುಲ್ಕ ಕೇಳಿದ್ದರೆ ಕೊಡಬೇಡಿ. ಗಲ್ಫ್ ಸಹಕಾರ ಮಂಡಳಿಯ ದೇಶಗಳ ನಡುವೆ 2006ರಿಂದ ಕಡ್ಡಾಯವಾಗಿರುವ ಪಿಂಚಣಿ ವಿಸ್ತರಣೆಯ ವ್ಯವಸ್ಥೆ, ಅಂದರೆ ಒಂದು ದೇಶದ ಪ್ರಜೆ ಇನ್ನೊಂದರಲ್ಲಿ ದುಡಿದರೂ ತಾಯ್ನಾಡಿನ ಪಿಂಚಣಿ ಮುಂದುವರಿಯುವ ಏರ್ಪಾಡು, ಆ ಆರು ದೇಶಗಳ ಪ್ರಜೆಗಳಿಗೆ ಮಾತ್ರ. ದಕ್ಷಿಣ ಅಮೆರಿಕದ ಮೆರ್ಕೊಸೂರ್ ವ್ಯಾಪಾರ ಕೂಟದ ದೇಶಗಳ ನಡುವೆ, ಕೆರಿಬಿಯನ್ ದೇಶಗಳ ನಡುವೆ ಒಂದು ಕಡೆ ಕಟ್ಟಿದ ಪಿಂಚಣಿ ವಂತಿಗೆಯನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯುವ ಒಪ್ಪಂದಗಳು ಎಷ್ಟೋ ವರ್ಷಗಳಿಂದ ಜಾರಿಯಲ್ಲಿವೆ. ಭಾರತವೂ ಜರ್ಮನಿ, ಜಪಾನ್, ಕೆನಡಾ ಮುಂತಾದ ದೇಶಗಳೊಡನೆ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಕರಾವಳಿಯ ಅಷ್ಟೊಂದು ಮನೆಗಳು ನೆಚ್ಚಿಕೊಂಡಿರುವ ಗಲ್ಫ್ ದೇಶಗಳೊಡನೆ ಮಾತ್ರ ಅಂಥದ್ದು ಇಲ್ಲ.

ನಿಮಗೆ ಸಲ್ಲಬೇಕಾದದ್ದು ಸೇವಾಂತ್ಯದ ಗ್ರಾಚ್ಯುಟಿ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳದ್ದು, ಒಟ್ಟು ಎರಡು ವರ್ಷಗಳ ವೇತನಕ್ಕೆ ಮೀರದಂತೆ. ಲೆಕ್ಕ ನಡೆಯುವುದು ಮೂಲವೇತನದ ಮೇಲೆ, ಭತ್ಯೆಗಳು ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಒಪ್ಪಂದಪತ್ರದಲ್ಲಿ ಮೂಲವೇತನ ಎಷ್ಟೆಂದು ಬರೆದಿದೆ ಎಂಬುದನ್ನು ಈಗಲೇ ನೋಡಿ, ಅದರ ಮತ್ತು ವೇತನ ಚೀಟಿಗಳ ಪ್ರತಿಗಳನ್ನು ವೀಸಾ ರದ್ದಾಗುವ ಮೊದಲೇ ನಿಮ್ಮ ಕೈಯಲ್ಲಿಟ್ಟುಕೊಳ್ಳಿ.